ಮಾತ್ರೆ ಬಿಡಬೇಡಿ ಅಕ್ಕಾ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರಿಗೆ ಹೃದಯದ ಕಾಯಿಲೆ. ಡಾಕ್ಟರು ನೀರು ಇಳಿಸುವ ಮಾತ್ರೆ ಕೊಟ್ಟಿದ್ದಾರೆ. ಸಂತೆ ದಿನ ಮಾತ್ರ ಅಕ್ಕ ಅದನ್ನು ನುಂಗುತ್ತಿರಲಿಲ್ಲ.

“ಯಾಕಕ್ಕಾ?” ಅಂದೆ.

“ನುಂಗಿದರೆ ಗಳಿಗೆಗೊಂದು ಸಲ ಒಂದಕ್ಕೆ ಹೋಗಬೇಕು ಟೀಚರ್. ಸಂತೇಲಿ ಹೆಂಗಸರು ಎಲ್ಲಿಗೆ ಹೋಗೋದು?” ಅಂದರು.

ಅಕ್ಕನ ಮಾತು ನಿಜ. ಆದರೆ ಮಾತ್ರೆ ಬಿಟ್ಟರೆ ಏನಾಗುತ್ತದೆ?

ಹೃದಯ ಒಂದು ಪಂಪ್‌ಸೆಟ್ಟಿನ ಹಾಗೆ. ಅದು ಸೋತರೆ ನೀರು ಮೈಯಲ್ಲೇ ನಿಲ್ಲುತ್ತದೆ. ಕಾಲು ಊದುತ್ತದೆ. ಬೆರಳಿಂದ ಒತ್ತಿದರೆ ಗುಳಿ ಬೀಳುತ್ತದೆ. ಮಲಗಿದರೆ ಉಸಿರು ಕಟ್ಟುತ್ತದೆ. ಮಾತ್ರೆ ಆ ನೀರನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಹೀಗೆ ಊತ, ಉಬ್ಬಸ ಹೆಚ್ಚಿದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ. ಉಪ್ಪು ಮೈಯಲ್ಲಿ ನೀರನ್ನು ಹಿಡಿದಿಡುತ್ತದೆ.

“ಈಗ ಚೆನ್ನಾಗಿದ್ದೀನಿ” ಎಂದು ಬಿ.ಪಿ. ಮಾತ್ರೆ, ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟ ಮಾತ್ರೆ ಬಿಡುವವರೂ ಇದ್ದಾರೆ. ಚೆನ್ನಾಗಿರುವುದು ಮಾತ್ರೆಯಿಂದಲೇ! ನೀವಾಗಿಯೇ ಬಿಡಬೇಡಿ. ಒಂದು ಹೊತ್ತು ಮರೆತರೆ, ಮುಂದಿನ ಸಲ ಎರಡು ನುಂಗಬೇಡಿ.

ಎದೆನೋವು ಬಂದರೆ ಏನು ಮಾಡಬೇಕು?

1. ಕೆಲಸ ನಿಲ್ಲಿಸಿ. ಕುಳಿತುಕೊಳ್ಳಿ.

2. ನಾಲಿಗೆ ಕೆಳಗೆ ಇಡುವ ಮಾತ್ರೆಯನ್ನು ಡಾಕ್ಟರು ನಿಮಗೆ ಕೊಟ್ಟಿದ್ದರೆ, ಒಂದನ್ನು ಇಡಿ. ನುಂಗಬೇಡಿ. ತಲೆ ಸುತ್ತಬಹುದು, ಏಳಬೇಡಿ.

3. ಐದು ನಿಮಿಷದಲ್ಲಿ ನೋವು ಹೋಗದಿದ್ದರೆ 108ಕ್ಕೆ ಫೋನ್ ಮಾಡಿಸಿ. ಮಾತ್ರೆ ಇಲ್ಲದಿದ್ದರೆ ಕಾಯಲೇಬೇಡಿ.

ಹೆಂಗಸರಿಗೆ ಕೆಲವೊಮ್ಮೆ ಎದೆ ಅಷ್ಟಾಗಿ ನೋಯುವುದಿಲ್ಲ. ಬೆನ್ನು, ದವಡೆ ನೋಯಬಹುದು. ಸುಸ್ತು, ವಾಕರಿಕೆ, ಬೆವರು ಬರಬಹುದು. “ಗ್ಯಾಸು” ಎಂದು ಸೋಡಾ ಕುಡಿದು ಮಲಗಬೇಡಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ಹಾಸನದಲ್ಲಿ ದೊಡ್ಡಾಸ್ಪತ್ರೆ ಇದೆ.

2025ರಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವಿನ ಸುದ್ದಿ ಮೇಲಿಂದ ಮೇಲೆ ಬಂತು. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಗೆ ಓಡಿದರು. ಸರ್ಕಾರ ತಜ್ಞರಿಂದ ತನಿಖೆ ಮಾಡಿಸಿತು. ಸತ್ತವರಲ್ಲಿ ಹಲವರಿಗೆ ಬಿ.ಪಿ., ಸಕ್ಕರೆ ಕಾಯಿಲೆ, ಧೂಮಪಾನದಂಥ ಕಾರಣಗಳಿದ್ದವು ಎಂದು ತಿಳಿಯಿತು. ಹೆದರಿ ಓಡುವುದಕ್ಕಿಂತ ದಿನಾ ಮಾತ್ರೆ ನುಂಗುವುದು ಮೇಲು.

ಮಾತ್ರೆಯ ಹೆಸರು ಹೆಚ್ಚಾಗಿ ಇಂಗ್ಲಿಷಿನಲ್ಲಿ ಇರುತ್ತದೆ. ಕೊಡುವವರನ್ನು ಕೇಳಿ. ಯಾವುದಕ್ಕೆ, ಯಾವ ಹೊತ್ತಿಗೆ ಎಂದು ಕವರಿನ ಮೇಲೆ ನೀವೇ ಕನ್ನಡದಲ್ಲಿ ಬರೆದುಕೊಳ್ಳಿ.

ನಮ್ಮ ಅಕ್ಕ ನಾಚಿಕೆ ಬಿಟ್ಟು ಡಾಕ್ಟರನ್ನು ಕೇಳಿದರು. ಡಾಕ್ಟರು ಹೊತ್ತು ಬದಲಿಸಿಕೊಟ್ಟರು. ನೀವೂ ನಿಮ್ಮ ಡಾಕ್ಟರನ್ನು ಕೇಳಿ. ಅಕ್ಕನ ಕವರಿನ ಮೇಲೆ ಈಗ ಅವರದೇ ಅಕ್ಷರ ಇದೆ: “ಸಂತೆ ದಿನ, ಮನೆಗೆ ಬಂದ ಮೇಲೆ, ಮೂರು ಗಂಟೆ.”