ನಿಲಂಗಾದಲ್ಲಿ ಹುಣಸೆ, ತೊಗರಿ ಮತ್ತು ಸರ್ಕಾರದ ದುಡ್ಡು

ನಿಲಂಗಾದ ನೀಲಕಂಠೇಶ್ವರ ಗುಡಿಯಿಂದ ಪೇಟೆಯತ್ತ ನಡೆದರೆ ಮರಾಠಿ, ಉರ್ದುವಿನ ನಡುವೆ ನಮ್ಮ ಬೀದರ್ ಕಡೆಯ ಕನ್ನಡವೂ ಕಿವಿಗೆ ಬೀಳುತ್ತದೆ. 1956ರ ತನಕ ಈ ತಾಲ್ಲೂಕು ಬೀದರ್ ಜಿಲ್ಲೆಯಲ್ಲೇ ಇತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಉದಗೀರ, ಅಹಮದಪುರಗಳ ಜೊತೆ ಆಚೆ ಹೋಯಿತು. 1982ರಲ್ಲಿ ಹುಟ್ಟಿದ ಮಹಾರಾಷ್ಟ್ರದ ಲಾತೂರ್ ಜಿಲ್ಲೆಗೆ ಈಗ ಸೇರಿದೆ.

ಇಲ್ಲಿನ ಎರಡು ಹಳ್ಳಿಗಳಿಗೆ 2024ರಲ್ಲಿ ಹೆಸರು ಬಂತು. ಪಾನಚಿಂಚೋಳಿಯ ಪಟಡಿ ಹುಣಸೆ ಮತ್ತು ಬೋರಸುರಿಯ ತೊಗರಿ ಬೇಳೆಗೆ ಭೌಗೋಳಿಕ ಸೂಚಕ ಸಿಕ್ಕಿತು. ಹೆಸರೇನೋ ಬಂತು, ದುಡ್ಡು? ಅದನ್ನು ಕೇಳಿಕೊಂಡೇ ನಾನು ಈ ಕಡೆ ಬಂದೆ.

ಒಂದು ಅಂಗಳದಲ್ಲಿ ಹೆಂಗಸರು ಹುಣಸೆ ಕುಟ್ಟುತ್ತ ಕೂತಿದ್ದರು. ಸಿಪ್ಪೆ ಒಂದು ಕಡೆ, ನಾರು ಒಂದು ಕಡೆ, ಬೀಜ ಬೇರೆ ರಾಶಿ. ಬೆರಳ ತುದಿಗಳೆಲ್ಲ ಹುಳಿಗೆ ಸುಲಿದಂತಾಗಿದ್ದವು. ಆ ಬೀಜದ ಪುಡಿ ಬಟ್ಟೆ ಗಿರಣಿಗಳಲ್ಲಿ ನೂಲಿಗೆ ಗಂಜಿ ಹಾಕಲು ಬೇಕು. ಆದರೂ ಇಲ್ಲಿಂದ ಬೀಜ ಮೂಟೆ ಲೆಕ್ಕದಲ್ಲಿ ಹಾಗೇ ಹೋಗುತ್ತದೆ. ಬೀಜ ಬಿಡಿಸುವ, ಸಿಪ್ಪೆ ತೆಗೆಯುವ ಸಣ್ಣ ಯಂತ್ರವೊಂದನ್ನು ಇಲ್ಲಿನ ಹುಡುಗರೇ ಮಾಡಿದರೆ ಖರ್ಚು ಯಾರು ಕೊಡುತ್ತಾರೆ?

ಕೊಡುವವರಿದ್ದಾರೆ. ಆದರೆ ಯಂತ್ರ ಕೊಳ್ಳಲು ಸಿಗುವ ದುಡ್ಡು ಬೇರೆ, ಪ್ರಯೋಗ ಮಾಡಲು ಸಿಗುವ ದುಡ್ಡು ಬೇರೆ. ನಮ್ಮ ಜನ ಇವೆರಡನ್ನೂ ಒಂದೇ ಎಂದುಕೊಂಡು ತಪ್ಪು ಬಾಗಿಲಲ್ಲಿ ನಿಂತು ವಾಪಸಾಗುತ್ತಾರೆ ಎಂಬುದೇ ನನ್ನ ಸಂಕಟ.

ಬೇಳೆ ಗಿರಣಿ ಹಾಕುವವರಿಗೆ 2020ರಲ್ಲಿ ಶುರುವಾದ, ಕಿರು ಆಹಾರ ಸಂಸ್ಕರಣಾ ಉದ್ಯಮಗಳಿಗಾಗಿಯೇ ಇರುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆ. ಯೋಜನಾ ವೆಚ್ಚದ ಶೇ 35, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ. ಆದರೆ ಬ್ಯಾಂಕ್ ಸಾಲ ಬೇಕೇ ಬೇಕು. ಸ್ವಸಹಾಯ ಸಂಘದ ಸದಸ್ಯೆಯರಿಗೆ ತಲಾ 40 ಸಾವಿರದ ತನಕ ಮೂಲ ಬಂಡವಾಳವೂ ಇದರಲ್ಲೇ ಇದೆ. ಹುಣಸೆ ಕುಟ್ಟುವ ಆ ಹೆಂಗಸರಿಗೆ ಮೊದಲು ತಿಳಿಯಬೇಕಾದ್ದು ಇದು.

ಹೊಸ ಯಂತ್ರದ ಮಾದರಿ ಮಾಡುವವರು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನಿಧಿ ಪ್ರಯಾಸ್ ಯೋಜನೆ ನೋಡಬೇಕು, 10 ಲಕ್ಷದ ತನಕ ಅನುದಾನ. ಕೃಷಿಗೆ ಸಂಬಂಧಿಸಿದ್ದಾದರೆ ಕೇಂದ್ರ ಕೃಷಿ ಸಚಿವಾಲಯದ ರಫ್ತಾರ್ ಕಾರ್ಯಕ್ರಮ: ಆಲೋಚನೆಯ ಹಂತದಲ್ಲಿ 5 ಲಕ್ಷ, ಉದ್ಯಮ ಕಟ್ಟುವ ಹಂತದಲ್ಲಿ 25 ಲಕ್ಷದ ತನಕ. ಅದರ ಒಂದು ಕೇಂದ್ರ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿದೆ. ಗಡಿಯ ಕನ್ನಡಿಗರು ಅಲ್ಲಿ ಕನ್ನಡದಲ್ಲೇ ಕೇಳಿ ತಿಳಿಯಬಹುದು. ಜೀವವಿಜ್ಞಾನದ ಗಟ್ಟಿ ಸಂಶೋಧನೆಯಾದರೆ ಜೈವಿಕ ತಂತ್ರಜ್ಞಾನಕ್ಕೆ ನೆರವು ನೀಡುವ ಕೇಂದ್ರದ ಸಂಸ್ಥೆ ಬೈರಾಕ್‌ನ ಬಿಗ್ ಅನುದಾನ 50 ಲಕ್ಷಕ್ಕೆ ಏರುತ್ತದೆ. ಕರ್ನಾಟಕ ಸರ್ಕಾರದ ಎಲಿವೇಟ್ ಅನುದಾನ ಮಾತ್ರ ಈ ಕಡೆಯವರಿಗೆ ಸಿಗದು. ಅದು ಕರ್ನಾಟಕದಲ್ಲಿ ನೋಂದಾಯಿಸಿದ ನವೋದ್ಯಮಗಳಿಗೆ.

ಇಷ್ಟು ದೊಡ್ಡ ಮೊತ್ತಗಳು ಇದ್ದರೂ ಅವುಗಳ ಸುದ್ದಿ ಪುಣೆ, ಬೆಂಗಳೂರಲ್ಲೇ ಸುತ್ತುತ್ತದೆ. ಉದಗೀರದ ಡೇರಿ ತಂತ್ರಜ್ಞಾನ ಕಾಲೇಜಿನಂಥ ಸಂಸ್ಥೆಗಳು ಮಗ್ಗುಲಲ್ಲೇ ಇವೆ. ಊರಿನ ಗಿರಣಿಯವರೂ ಇಂಥ ಕಾಲೇಜಿನ ಅಧ್ಯಾಪಕರೂ ಒಂದು ಮೇಜಿಗೆ ಕೂತರೆ ಅರ್ಜಿಗೆ ಬೇಕಾದ ಪರೀಕ್ಷೆಯ ಅಂಕಿಅಂಶ ಇಲ್ಲೇ ಸಿದ್ಧವಾದೀತು.

ಓದುಗರಲ್ಲಿ ಒಂದು ವಿನಂತಿ. ಅರ್ಜಿ ಹಾಕಿಸಿಕೊಡುತ್ತೇವೆಂದು ಕಮಿಷನ್ ಕೇಳುವವರ ಕೈಗೆ ಕಾಗದ ಕೊಡಬೇಡಿ. ಕಿರು, ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಪಿಎಂಎಫ್‌ಎಂಇ ಅರ್ಜಿಗೂ ಯೋಜನಾ ವರದಿಗೂ ನೆರವಾಗಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳನ್ನು ಸರ್ಕಾರವೇ ನೇಮಿಸಿದೆ. ಮೊದಲು ಅವರನ್ನು ಕಾಣಿ.