ಮುಖ ಮುಟ್ಟುವ ಮುನ್ನ

ಅಂಬಲಪಾಡಿಯಲ್ಲಿ ಯಕ್ಷಗಾನದ ಆಟ ಇದ್ದ ರಾತ್ರಿ ನಾವು ಮಕ್ಕಳು ರಂಗಸ್ಥಳಕ್ಕಿಂತ ಮೊದಲು ಓಡುತ್ತಿದ್ದುದು ವೇಷ ಕಟ್ಟುವ ಚೌಕಿಗೆ. ಬಣ್ಣದ ವೇಷದವರು ಕನ್ನಡಿಯ ಮುಂದೆ ಕೂತು ಮುಖದ ಮೇಲೆ ಅಕ್ಕಿಹಿಟ್ಟಿನ ಚುಟ್ಟಿಯನ್ನು ಕಡ್ಡಿಯ ತುದಿಯಿಂದ ಒಂದೊಂದೇ ಇಡುತ್ತಾ ಹೋಗುತ್ತಿದ್ದರು. ಗೆರೆ ಎಳೆಯುವ ಮೊದಲು ಬೆರಳಿನಿಂದ ತಡವಿ ನೋಡುತ್ತಿದ್ದರು: ಹುಬ್ಬಿನ ದಿಂಡು, ಕೆನ್ನೆಯ ಎಲುಬು, ದವಡೆಯ ಅಂಚು. ಮುಖವೆಂದರೆ ಬರೀ ಚರ್ಮವಲ್ಲ, ಅದರಡಿ ಒಂದು ಕಟ್ಟಡವಿದೆ ಎಂದು ನನಗೆ ಮೊದಲು ಹೊಳೆದದ್ದು ಅಲ್ಲಿ.

ಈಚೆಗೆ ನೆಂಟರ ಹುಡುಗಿಯೊಬ್ಬಳು ಬಿಡಿಎಸ್ ಮುಗಿಸಿ ಬಂದು, ಮುಖದ ಅಂಗರಚನೆ ಮತ್ತು ಸೌಂದರ್ಯ ಚಿಕಿತ್ಸೆಯಲ್ಲಿ ಸ್ನಾತಕೋತ್ತರ ಸರ್ಟಿಫಿಕೇಟ್ ಮಾಡಬೇಕೆಂದಳು. ಅದಕ್ಕೆ ಏನೇನು ಬೇಕು? ಅರ್ಜಿಯ ಮಟ್ಟಿಗೆ ಉತ್ತರ ಚಿಕ್ಕದು. ಇಂಥ ಕೋರ್ಸುಗಳು ಸಾಮಾನ್ಯವಾಗಿ ಕೇಳುವುದು ಎಂಬಿಬಿಎಸ್ ಅಥವಾ ಬಿಡಿಎಸ್ ಪದವಿ, ರಾಜ್ಯದ ವೈದ್ಯಕೀಯ ಇಲ್ಲವೇ ದಂತ ವೈದ್ಯಕೀಯ ಪರಿಷತ್ತಿನ ನೋಂದಣಿ, ಹಿರಿಯರ ಕಣ್ಣೆದುರು ಮಾಡಿದ ಚಿಕಿತ್ಸೆಗಳ ಲಾಗ್‌ಬುಕ್, ಕೊನೆಗೊಂದು ಪರೀಕ್ಷೆ. ಆದರೆ ಅವಳಿಗೆ ಬೇಕಿದ್ದ ನಿಜವಾದ ಉತ್ತರ ಅಂಬಲಪಾಡಿಯಿಂದ ಕೆಲವೇ ಕಿಲೋಮೀಟರ್ ದೂರದ ಮಣಿಪಾಲದ ಗುಡ್ಡದ ಮೇಲಿತ್ತು.

ಡಾ. ಟಿ.ಎಂ.ಎ. ಪೈ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಶುರು ಮಾಡಿದಾಗ ಮಣಿಪಾಲದಲ್ಲಿ ಕಲಿಸಿದ್ದು ಮೊದಲ ಹಂತದ ಪಾಠಗಳನ್ನು, ಅಂದರೆ ಅಂಗರಚನೆಯಂಥ ವಿಷಯಗಳನ್ನು. ರೋಗಿಯ ಹಾಸಿಗೆಯ ಪಕ್ಕದ ಪಾಠಕ್ಕೆ ವಿದ್ಯಾರ್ಥಿಗಳು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಹೋಗಬೇಕಿತ್ತು. ದಂತ ವೈದ್ಯಕೀಯ ಕಾಲೇಜು ಬಂದದ್ದು 1965ರಲ್ಲಿ. ಮಣಿಪಾಲದ ಅಂಗರಚನೆ ಮತ್ತು ರೋಗಶಾಸ್ತ್ರದ ಮ್ಯೂಸಿಯಂ ಸಾರ್ವಜನಿಕರಿಗೂ ತೆರೆದದ್ದು. ಗಾಜಿನ ಜಾಡಿಗಳಲ್ಲಿ ಸಾವಿರಾರು ಮಾದರಿಗಳಿವೆ. ಶಾಲೆಯ ಮಕ್ಕಳು ಆನೆಯ ಅಸ್ಥಿಪಂಜರದ ಮುಂದೆ ಗುಂಪುಗೂಡುತ್ತಾರೆ. ನೀವು ಹೋದರೆ ತಲೆ, ಕುತ್ತಿಗೆಯ ಜಾಡಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ.

ಹಲ್ಲು ಕಚ್ಚಿ ಹಿಡಿದು ದವಡೆಯ ಕೆಳಗಿನ ಅಂಚನ್ನು ಮುಟ್ಟಿ ನೋಡಿ. ಗಟ್ಟಿಯಾಗಿ ಉಬ್ಬುವ ಸ್ನಾಯುವಿನ ಮುಂಬದಿಯಲ್ಲಿ ಒಂದು ನಾಡಿ ಮಿಡಿಯುತ್ತದೆ. ಅದು ಮುಖದ ಮುಖ್ಯ ರಕ್ತನಾಳ. ಅಲ್ಲಿಂದ ಬಾಯಿಯ ಮೂಲೆ, ಮೂಗಿನ ಬದಿ ದಾಟಿ ಕಣ್ಣಿನ ಒಳಮೂಲೆಯತ್ತ ಅಂಕುಡೊಂಕಾಗಿ ಏರುತ್ತದೆ, ಎಲ್ಲರಲ್ಲೂ ಒಂದೇ ದಾರಿಯಲ್ಲಿ ಅಲ್ಲ. ಕಿವಿಯ ಕೆಳಗಿನ ಜೊಲ್ಲುಗ್ರಂಥಿಯೊಳಗೆ ಮುಖದ ನರ ಐದು ಕವಲಾಗಿ ಹರಡುತ್ತದೆ. ದವಡೆಯಂಚಿನ ಕವಲೊಂದಕ್ಕೆ ಪೆಟ್ಟಾದರೆ ಸಾಕು, ನಗುವಾಗ ತುಟಿಯ ಒಂದು ಬದಿ ಸೊಟ್ಟಗಾಗುತ್ತದೆ. ಪುಸ್ತಕದಲ್ಲಿ ಆ ನರಕ್ಕೆ ಹಳದಿ ಬಣ್ಣ, ರಕ್ತನಾಳಕ್ಕೆ ಕೆಂಪು. ಡಿಸೆಕ್ಷನ್ ಹಾಲಿನಲ್ಲಿ, ಫಾರ್ಮಾಲಿನ್ ವಾಸನೆಗೆ ಕಣ್ಣು ಉರಿಯುವಾಗ, ಎಲ್ಲವೂ ಒಂದೇ ಮಸುಕು ಬಣ್ಣ. ಬೇರ್ಪಡಿಸಬೇಕಾದದ್ದು ಬೆರಳು.

ಮುಖ ಸುಂದರವಾಗಿಸುವ ವಿದ್ಯೆ ಹೊಸದೆಂದು ತಿಳಿದವರು ಒಂದು ಹಳೆಯ ಕಥೆ ಕೇಳಬೇಕು. ಕಾವಸ್‌ಜಿ ಎಂಬಾತ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿಯವ. 1792ರ ಯುದ್ಧದಲ್ಲಿ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ. ಆಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಸಮುದಾಯದ ಒಬ್ಬ ಕುಶಲಿ ಮೇಣದಲ್ಲಿ ಅಳತೆ ತೆಗೆದು, ಹಣೆಯ ಚರ್ಮವನ್ನು ಕೆಳಕ್ಕೆ ತಿರುಗಿಸಿ ಅವನಿಗೆ ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಇದನ್ನು ಚಿತ್ರಸಮೇತ ಅಚ್ಚು ಹಾಕಿತು. ಅದನ್ನು ಓದಿ ಅಭ್ಯಾಸ ಮಾಡಿದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಇಂಗ್ಲೆಂಡಿನಲ್ಲಿ ಹಾಗೆಯೇ ಮೂಗು ಕಟ್ಟಿದ. ಇಂದಿಗೂ ಶಸ್ತ್ರವೈದ್ಯರು ಆ ವಿಧಾನವನ್ನು ಬಿಟ್ಟಿಲ್ಲ.

ತಿರುಗಿಸಿದ ಆ ಹಣೆಯ ಚರ್ಮ ಸಾಯದೆ ಉಳಿಯುವುದು ಹುಬ್ಬುಗಳ ನಡುವಿನಿಂದ ಮೇಲೇರುವ ಸಣ್ಣ ರಕ್ತನಾಳದಿಂದ. ಅದು ಕಣ್ಣಿನ ರಕ್ತನಾಳದ ಕವಲು. ಇಂದು ಹುಬ್ಬುಗಳ ನಡುವಿನ ಸುಕ್ಕು ತುಂಬಲು, ಮೂಗಿನ ದಿಂಡು ಎತ್ತರಿಸಲು ಫಿಲ್ಲರ್ ಎಂಬ ಲೋಳೆ ಚುಚ್ಚುವುದು ಇದೇ ಜಾಗದಲ್ಲಿ. ಸೂಜಿ ನಾಳದೊಳಗೆ ಹೊಕ್ಕು ಒತ್ತಡ ಹೆಚ್ಚಾದರೆ ಆ ಲೋಳೆ ಹಿಮ್ಮುಖವಾಗಿ ಹರಿದು ಕಣ್ಣಿನ ರೆಟಿನಾಕ್ಕೆ ರಕ್ತ ಒಯ್ಯುವ ನಾಳವನ್ನೇ ಮುಚ್ಚಬಲ್ಲದು. ಹಾಗೆ ದೃಷ್ಟಿ ಹೋದ ಪ್ರಕರಣಗಳು ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಒಬ್ಬನಿಗೆ ಮೂಗು ಮರಳಿಸಿದ ನಾಳವೇ ಇನ್ನೊಬ್ಬರ ಕಣ್ಣು ಕಳೆಯಬಹುದು ಎನ್ನುವುದನ್ನು ನಾನು ಆ ಹುಡುಗಿಗೆ ಎರಡು ಸಲ ಹೇಳಿದೆ. ಹೈಯಲುರಾನಿಕ್ ಆಮ್ಲದ ಫಿಲ್ಲರನ್ನು ಕರಗಿಸುವ ಹೈಯಲುರಾನಿಡೇಸ್ ಎಂಬ ಔಷಧಿ ಇದೆ. ಅದು ಕೋಣೆಯಲ್ಲಿ ಕೈಗೆ ಸಿಗುವಂತಿರಬೇಕು, ಚರ್ಮ ಬಿಳಿಚಿದ ಕ್ಷಣವೇ ಗುರುತಿಸುವ ಕಣ್ಣೂ ಇರಬೇಕು.

ಶವದ ಮೇಲಿನ ಪಾಠ ಹಳತಾಯಿತು ಎನ್ನುವವರೂ ಇದ್ದಾರೆ. ಆದರೆ 2007ರಲ್ಲಿ ರೋಹ್ರಿಕ್ ಮತ್ತು ಪೆಸ್ಸಾ ಎಂಬ ಅಮೆರಿಕದ ವೈದ್ಯರು ದಾನವಾಗಿ ಬಂದ ದೇಹಗಳ ಕೆನ್ನೆಗೆ ನೀಲಿ ಬಣ್ಣ ಚುಚ್ಚಿ ಕಾದರು. ಬಣ್ಣ ಇಡೀ ಕೆನ್ನೆಗೆ ಹರಡಲಿಲ್ಲ, ಗೋಡೆ ಕಟ್ಟಿದಂತೆ ಅಲ್ಲಲ್ಲೇ ನಿಂತಿತು. ಮುಖದ ಕೊಬ್ಬು ಒಂದೇ ಹಾಸಲ್ಲ, ಬೇರೆಬೇರೆ ಖಾನೆಗಳು ಎಂದು ಹೀಗೆ ಸ್ಪಷ್ಟವಾಯಿತು. ವಯಸ್ಸಾದಂತೆ ಒಂದು ಖಾನೆ ಬರಿದಾಗುತ್ತದೆ, ಪಕ್ಕದ್ದು ಜೋತುಬೀಳುತ್ತದೆ. ನಮ್ಮ ಅಜ್ಜಿಯಂದಿರ ಕೆನ್ನೆಯ ಗುಳಿಗೆ ಇಷ್ಟು ಈಚೆಗೆ ವಿವರಣೆ ಸಿಕ್ಕಿತೆಂಬುದು ನನಗೆ ಈಗಲೂ ಬೆರಗು.

ಹಾಗಾದರೆ ಎಷ್ಟು ವರ್ಷ? ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ, ಚರ್ಮರೋಗದ ಎಂಡಿ ಮೂರು. ಪ್ಲಾಸ್ಟಿಕ್ ಸರ್ಜನ್ ಆಗಲು ಎಂಎಸ್ ಮೂರು, ಅದರ ಮೇಲೆ ಎಂಸಿಎಚ್ ಮೂರು. ಬಿಡಿಎಸ್ ಐದು, ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆಯ ಎಂಡಿಎಸ್ ಮೂರು. ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರ ಮುರಿದ ದವಡೆ ಕೂಡಿಸುವವರು, ಸೀಳುತುಟಿಯ ಶಿಶುವಿನ ತುಟಿ ಹೊಲಿಯುವವರು ಈ ದಾರಿಯಲ್ಲಿ ಬಂದವರು. ಸರ್ಟಿಫಿಕೇಟ್ ಕೋರ್ಸಿನ ಅವಧಿ ಮಾತ್ರ ವಾರ ಅಥವಾ ತಿಂಗಳುಗಳ ಲೆಕ್ಕದ್ದು. ಕಲಿತವರ ಕೈಯನ್ನು ಅದು ಇನ್ನಷ್ಟು ಹರಿತಗೊಳಿಸಬಲ್ಲದು. ಅಡಿಪಾಯವಿಲ್ಲದ ಕೈಗೆ ಅದು ಸುಳ್ಳು ಧೈರ್ಯ ಕೊಡುತ್ತದೆ, ನನ್ನ ಭಯ ಇರುವುದೇ ಅಲ್ಲಿ. ನ್ಯಾಷನಲ್ ಮೆಡಿಕಲ್ ಕಮಿಷನ್ 2022ರಲ್ಲಿ ಕೂದಲು ಕಸಿಯ ಮಾರ್ಗಸೂಚಿ ಹೊರಡಿಸುವಾಗ, ಕಾರ್ಯಾಗಾರ ಅಥವಾ ಯೂಟ್ಯೂಬ್ ನೋಡಿದ್ದು ಸೌಂದರ್ಯ ಚಿಕಿತ್ಸೆಗೆ ತರಬೇತಿಯಾಗದು ಎಂದು ಬಿಡಿಸಿ ಬರೆಯಬೇಕಾಯಿತು. ಬರೀ ಬಿಡಿಎಸ್ ಮಾಡಿದವರ ಕೈ ಮುಖದ ಮೇಲೆ ಎಷ್ಟು ದೂರ ಹೋಗಬಹುದೆಂಬ ವಾದ ಬೇರೆಯೇ ಇದೆ. ಅವಳು ಮೊದಲು ಎಂಡಿಎಸ್‌ಗೆ ಓದಲಿ ಎಂಬುದು ನನ್ನ ಅಭಿಪ್ರಾಯ, ಅವಳಿಗೂ ಅದನ್ನೇ ಹೇಳಿದ್ದೇನೆ.

ಕ್ಲಿನಿಕ್ಕಿಗೆ ಹೋಗುವವರು ಗೋಡೆಯ ಮೇಲಿನ ಚೌಕಟ್ಟುಗಳಲ್ಲಿ ಹುಡುಕಬೇಕಾದದ್ದು ಮೂಲ ಪದವಿ, ನೋಂದಣಿ ಸಂಖ್ಯೆ. ಚುಚ್ಚುವ ಮೊದಲು ಔಷಧಿಯ ಪೊಟ್ಟಣ ತೋರಿಸಿ ಎಂದು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಡಿಸೆಕ್ಷನ್ ಹಾಲಿನಲ್ಲಿ ಎಷ್ಟೋ ಕಡೆ ಕೈಕಾಲಿನ ಪಾಠ ಮುಗಿಯುವ ತನಕ ಶವದ ಮುಖಕ್ಕೆ ಬಟ್ಟೆ ಮುಚ್ಚಿರುತ್ತದೆ. ಬಟ್ಟೆ ತೆಗೆದ ದಿನ ಮಕ್ಕಳು ಮಾತು ನಿಲ್ಲಿಸುತ್ತಾರೆ. ಆ ಮುಖ ಯಾರದೋ ಅಪ್ಪನದು, ಅಮ್ಮನದು. ಕರ್ನಾಟಕದಲ್ಲಿ ದೇಹಗಳನ್ನು ಪಾಠಕ್ಕೆ ಪಡೆಯಲು 1957ರಿಂದ ಒಂದು ಕಾಯ್ದೆ ಇದೆ. ದೇಹದಾನ ಮಾಡಬಯಸುವವರು ಮೆಡಿಕಲ್ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಅರ್ಜಿ ತುಂಬಿ, ಮನೆಯವರಿಗೂ ಹೇಳಿಟ್ಟಿರಬೇಕು, ಕೊನೆಗೆ ಫೋನ್ ಮಾಡಬೇಕಾದವರು ಅವರೇ. ನೇತ್ರದಾನ ಆದ ದೇಹವನ್ನೂ ಸಾಮಾನ್ಯವಾಗಿ ಸ್ವೀಕರಿಸುತ್ತಾರೆ. ಕಣ್ಣು ಇನ್ನೊಬ್ಬರಿಗೆ ಹೋಗುತ್ತದೆ, ಉಳಿದ ಮುಖ ಮಕ್ಕಳ ಪಾಠಕ್ಕೆ.