ಪದವಿ ಕೊಡುವವರು ಯಾರು? - ಚಿಕ್ಕೋಡಿ ಗಡಿಭಾಗದ ಕಾಲೇಜುಗಳ ಸುತ್ತ ಒಂದು ವಿವರಣೆ

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ವಾರದಿಂದ ನಮ್ಮ ಕಚೇರಿಗೆ ಬರುವ ಫೋನ್ ಕರೆಗಳ ವಿಷಯ ಒಂದೇ. "ಫಾದರ್, ಈ ಕಾಲೇಜಿಗೆ ಸೇರಿಸಬಹುದೇ?" ಈ ಪ್ರಶ್ನೆ ಕರಾವಳಿಯ ಧರ್ಮಕೇಂದ್ರಗಳಿಂದ ಮಾತ್ರ ಬರುವುದಲ್ಲ. ಉದ್ಯೋಗಕ್ಕಾಗಿ ಇಲ್ಲಿಂದ ಬೆಳಗಾವಿ ಜಿಲ್ಲೆಯ ಕಡೆಗೆ ಹೋದ ಕುಟುಂಬಗಳಿಂದಲೂ, ಅಲ್ಲಿ ಸೇವೆಯಲ್ಲಿರುವವರಿಂದಲೂ ಬರುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಹೆಸರುಗಳು ನಮ್ಮ ಓದುಗರಲ್ಲಿ ಕೆಲವರಿಗೆ ದೂರದವಾಗಿ ಕಾಣಬಹುದು. ಆದರೆ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ನಮ್ಮ ತಾಯಂದಿರಿಗೆ ನಿಪ್ಪಾಣಿಯ ಹೊಗೆಸೊಪ್ಪು ಗೊತ್ತು.

ಆ ಐದು ತಾಲೂಕುಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನಮ್ಮ ದೇಶದ ವಿಶ್ವವಿದ್ಯಾಲಯಗಳು ಮತ್ತು ಕಾಲೇಜುಗಳು ಎಷ್ಟು ಬಗೆ ಎಂಬುದನ್ನು ಇಲ್ಲಿ ವಿವರಿಸಲು ಬಯಸುತ್ತೇವೆ. ಅಲ್ಲಿ ಎರಡು ರಾಜ್ಯಗಳ ವ್ಯವಸ್ಥೆ ಒಂದೇ ರಸ್ತೆಯ ಮೇಲೆ ಸಿಗುವುದರಿಂದ ವಿಷಯ ಬೇಗ ಅರ್ಥವಾಗುತ್ತದೆ.

ಮೊದಲು ತಿಳಿಯಬೇಕಾದ ಮಾತು: ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಕಾಲೇಜು ಪಾಠ ಹೇಳುತ್ತದೆ, ವಿಶ್ವವಿದ್ಯಾಲಯ ಪದವಿ ಕೊಡುತ್ತದೆ. 1956ರ ಯುಜಿಸಿ ಕಾಯ್ದೆಯ 22ನೇ ಕಲಮಿನ ಪ್ರಕಾರ ಪದವಿ ನೀಡುವ ಅಧಿಕಾರ ಇರುವುದು ಸಂಸತ್ತಿನ ಅಥವಾ ರಾಜ್ಯ ಶಾಸನಸಭೆಯ ಕಾಯ್ದೆಯಿಂದ ಸ್ಥಾಪನೆಯಾದ ವಿಶ್ವವಿದ್ಯಾಲಯಕ್ಕೆ, ಅದೇ ಕಾಯ್ದೆಯ 3ನೇ ಕಲಮಿನಡಿ ಮಾನ್ಯತೆ ಪಡೆದ ಡೀಮ್ಡ್ ವಿಶ್ವವಿದ್ಯಾಲಯಕ್ಕೆ, ಇಲ್ಲವೇ ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗೆ ಮಾತ್ರ. ಕಟ್ಟಡ ಎಷ್ಟೇ ದೊಡ್ಡದಿರಲಿ, ಬೋರ್ಡು ಎಷ್ಟೇ ಹೊಳೆಯಲಿ, ಈ ಮೂರರಲ್ಲಿ ಒಂದೂ ಇಲ್ಲದಿದ್ದರೆ ಅಲ್ಲಿ ಸಿಗುವುದು ಪದವಿಯಲ್ಲ.

ಈಗ ಚಿಕ್ಕೋಡಿಗೆ ಬರೋಣ. ಅಲ್ಲಿ ಮನೆಮಾತಾಗಿರುವ ಹೆಸರು ಕೆ.ಎಲ್.ಇ. 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಈ ಸಂಸ್ಥೆ ಆ ಭಾಗದ ಶಿಕ್ಷಣಕ್ಕೆ ಮಾಡಿದ ಕೆಲಸ ದೊಡ್ಡದು, ಅದನ್ನು ಒಪ್ಪಲೇಬೇಕು. ಆದರೆ "ಕೆ.ಎಲ್.ಇ. ಪದವಿ" ಎಂದು ಜನ ಹೇಳುವಾಗ ಅದು ಒಂದೇ ಪದವಿಯಲ್ಲ. ಚಿಕ್ಕೋಡಿಯ ಬಸವಪ್ರಭು ಕೋರೆ ಕಾಲೇಜು, ನಿಪ್ಪಾಣಿಯ ಜಿ.ಐ. ಬಾಗೇವಾಡಿ ಕಾಲೇಜು, ಅಥಣಿಯ ಎಸ್.ಎಸ್.ಎಂ.ಎಸ್. ಕಾಲೇಜು ಇವು ಕೆ.ಎಲ್.ಇ. ಸಂಸ್ಥೆಯವೇ ಆದರೂ ಅಲ್ಲಿ ಬಿ.ಎ., ಬಿ.ಕಾಂ. ಓದಿದವರಿಗೆ ಪದವಿ ಕೊಡುವುದು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ಚಿಕ್ಕೋಡಿಯಲ್ಲೇ ಇರುವ ಕೆ.ಎಲ್.ಇ. ಇಂಜಿನಿಯರಿಂಗ್ ಕಾಲೇಜಿನವರಿಗೆ ಪದವಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದು (ವಿಟಿಯು, 1998). ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರಿಗೆ 2006ರಲ್ಲಿ ಡೀಮ್ಡ್ ಮಾನ್ಯತೆ ಪಡೆದ ಕೆ.ಎಲ್.ಇ. ಅಕಾಡೆಮಿಯೇ ಪದವಿ ಕೊಡುತ್ತದೆ. ಹುಬ್ಬಳ್ಳಿಯ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಂತೂ ರಾಜ್ಯ ಕಾಯ್ದೆಯಿಂದ ಆದ ಖಾಸಗಿ ವಿಶ್ವವಿದ್ಯಾಲಯ. ಮನೆ ಒಂದೇ, ಬಾಗಿಲು ನಾಲ್ಕು. ಶುಲ್ಕ, ಪ್ರವೇಶ ಪರೀಕ್ಷೆ, ಸೀಟು ಹಂಚಿಕೆ ಎಲ್ಲವೂ ಬಾಗಿಲಿಗೆ ತಕ್ಕಂತೆ ಬದಲಾಗುತ್ತವೆ.

ರಾಣಿ ಚನ್ನಮ್ಮ ವಿಶ್ವವಿದ್ಯಾಲಯ 2010ರಲ್ಲಿ ಆರಂಭವಾಯಿತು. ಅದಕ್ಕೂ ಮೊದಲು ಆ ಭಾಗದ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಕಾಗವಾಡದ ಶಿವಾನಂದ ಕಾಲೇಜಿನಲ್ಲಿ ಓದಿದ ಅಪ್ಪನ ಪ್ರಮಾಣಪತ್ರದಲ್ಲಿ ಧಾರವಾಡ, ಅಲ್ಲೇ ಓದಿದ ಮಗಳ ಪ್ರಮಾಣಪತ್ರದಲ್ಲಿ ಬೆಳಗಾವಿ ಎಂದಿದ್ದರೆ ಗಾಬರಿಯಾಗಬೇಕಿಲ್ಲ. ರಾಯಬಾಗದಂಥ ಊರಿನ ಸರಕಾರಿ ಪ್ರಥಮ ದರ್ಜೆ ಕಾಲೇಜೂ ಇದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅಲ್ಲಿ ಶುಲ್ಕ ತೀರ ಕಡಿಮೆ, ಪದವಿಯ ಬೆಲೆ ಮಾತ್ರ ಬೇರೆಯಲ್ಲ. ಇದನ್ನು ನಮ್ಮ ಜನ ಯಾಕೋ ನಂಬುವುದಿಲ್ಲ.

ನಿಪ್ಪಾಣಿಯ ವಿಶೇಷ ಇನ್ನೊಂದಿದೆ. ಊರಿಗೆ ಅಂಟಿಕೊಂಡಂತೆ ಅರ್ಜುನನಗರದಲ್ಲಿ ದೇವಚಂದ ಕಾಲೇಜು ಇದೆ. ವಿದ್ಯಾರ್ಥಿಗಳು ನಿಪ್ಪಾಣಿಯವರೇ ಅನೇಕರು. ಆದರೆ ಆ ನೆಲ ಮಹಾರಾಷ್ಟ್ರದ ಕೊಲ್ಲಾಪುರ ಜಿಲ್ಲೆ, ಕಾಗಲ್ ತಾಲೂಕಿನದು. ಕಾಲೇಜು 1962ರಲ್ಲಿ ಸ್ಥಾಪನೆಯಾದ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದೆ. ಇದರಲ್ಲಿ ತಪ್ಪೇನೂ ಇಲ್ಲ. ಎರಡೂ ರಾಜ್ಯ ವಿಶ್ವವಿದ್ಯಾಲಯಗಳೇ, ಎರಡರ ಪದವಿಯೂ ದೇಶದಾದ್ಯಂತ ಸಲ್ಲುತ್ತದೆ. ವಿದ್ಯಾರ್ಥಿವೇತನ, ಮೀಸಲಾತಿ, ವೃತ್ತಿಶಿಕ್ಷಣ ಪ್ರವೇಶದ ನಿಯಮಗಳು ಮಾತ್ರ ರಾಜ್ಯ ರಾಜ್ಯಕ್ಕೆ ಬೇರೆ. ಕರ್ನಾಟಕದ ಸಿಇಟಿ ಸೀಟಿಗೆ, ಸಾಮಾನ್ಯ ನಿಯಮದಂತೆ, ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಅವಧಿಯಲ್ಲಿ ಕನಿಷ್ಠ 7 ವರ್ಷ ಈ ರಾಜ್ಯದಲ್ಲಿ ಓದಿರಬೇಕು. ಗಡಿಯಾಚೆ ಶಾಲೆಗೆ ಹೋದ ಮಕ್ಕಳ ಪಾಲಕರು ಈ ಲೆಕ್ಕವನ್ನು ಪಿಯುಸಿ ಮುಗಿದ ಮೇಲೆ ಹಾಕುತ್ತಾರೆ. ಆಗ ತಡವಾಗಿರುತ್ತದೆ. ಗಡಿನಾಡ ಕನ್ನಡಿಗರಿಗೆ ಬೇರೆ ಅವಕಾಶವೂ ಇದೆ. ಕಾಸರಗೋಡು, ಮಂಜೇಶ್ವರ ಕಡೆಯ ನಮ್ಮ ಓದುಗರು ಅದನ್ನು ಬಲ್ಲರು.

ಉಳಿದ ಬಗೆಗಳನ್ನು ಚುಟುಕಾಗಿ ಹೇಳುತ್ತೇವೆ. ಕೇಂದ್ರೀಯ ವಿಶ್ವವಿದ್ಯಾಲಯ ನಮ್ಮ ರಾಜ್ಯದಲ್ಲಿ ಕಲಬುರಗಿ ಬಳಿಯ ಕಡಗಂಚಿಯಲ್ಲಿದೆ (2009). ಸುರತ್ಕಲ್ಲಿನ ಎನ್‌ಐಟಿಕೆ, 2016ರಲ್ಲಿ ಆರಂಭವಾದ ಧಾರವಾಡದ ಐಐಟಿ ಇವು ಸಂಸತ್ತಿನ ಕಾಯ್ದೆಯಡಿ ನಡೆಯುವ ರಾಷ್ಟ್ರೀಯ ಮಹತ್ವದ ಸಂಸ್ಥೆಗಳು.

ಸ್ವಾಯತ್ತ ಕಾಲೇಜು ಎಂಬ ಮಾತು ಬಹಳ ಗೊಂದಲ ಉಂಟುಮಾಡುತ್ತದೆ. ಇದಕ್ಕೆ ನಮ್ಮ ಮನೆಯಂಗಳದ ಉದಾಹರಣೆಯೇ ಸಾಕು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು ಯೇಸು ಸಭೆಯ ಗುರುಗಳು 1880ರಲ್ಲಿ ಸ್ಥಾಪಿಸಿದರು. ಕಾಲಕಾಲಕ್ಕೆ ಮದರಾಸು, ಮೈಸೂರು, 1980ರಿಂದ ಮಂಗಳೂರು ವಿಶ್ವವಿದ್ಯಾಲಯದ ಅಡಿ ಇತ್ತು. 2007ರಲ್ಲಿ ಸ್ವಾಯತ್ತವಾದಾಗ ಪಠ್ಯಕ್ರಮ ಮತ್ತು ಪರೀಕ್ಷೆ ಕಾಲೇಜಿನದೇ ಆಯಿತು, ಪದವಿ ಮಾತ್ರ ಮಂಗಳೂರು ವಿಶ್ವವಿದ್ಯಾಲಯದ್ದೇ. 2024ರಲ್ಲಿ ಡೀಮ್ಡ್ ಮಾನ್ಯತೆ ಸಿಕ್ಕಿದ ಮೇಲೆ ಪದವಿಯನ್ನೂ ತಾನೇ ಕೊಡುವ ಅಧಿಕಾರ ಬಂತು. ಅಂದಹಾಗೆ, 2017ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಡೀಮ್ಡ್ ಸಂಸ್ಥೆಗಳು ಹೆಸರಿನ ಭಾಗವಾಗಿ ಬರೀ "ಯೂನಿವರ್ಸಿಟಿ" ಎಂದು ಬರೆದುಕೊಳ್ಳಬಾರದೆಂದು ಯುಜಿಸಿ ಸೂಚಿಸಿತು. ಅನುಮತಿಯಿಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟ ಇಂಜಿನಿಯರಿಂಗ್ ಪದವಿಗಳಿಗೆ ಪೆಟ್ಟು ಬಿದ್ದದ್ದೂ ಅದೇ ತೀರ್ಪಿನಲ್ಲಿ.

ದೂರಶಿಕ್ಷಣದ ಬಗ್ಗೆ ಸ್ವಲ್ಪ ನಿಲ್ಲಬೇಕು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರ ಸರಕಾರಿ ಸಂಸ್ಥೆ. ಅಂಥದ್ದಕ್ಕೂ 2013-14ರಿಂದ ಯುಜಿಸಿ ಮಾನ್ಯತೆ ಇಲ್ಲವಾಗಿ, 2018ರಲ್ಲಿ ಮರಳಿ ಸಿಕ್ಕಿತು. ನಡುವಿನ ವರ್ಷಗಳಲ್ಲಿ ಸೇರಿದವರು ಪಟ್ಟ ಪಾಡು ಸಣ್ಣದಲ್ಲ. ಸರಕಾರಿ ಸಂಸ್ಥೆಯ ಕಥೆಯೇ ಹೀಗಾದರೆ ಬೀದಿಬದಿಯ "ಸ್ಟಡಿ ಸೆಂಟರ್"ಗಳ ಮಾತೇನು? ನಮಗೆ ಪರಿಚಯದ ಯುವಕನೊಬ್ಬ ತಾಯಿಯ ಬಳೆ ಅಡವಿಟ್ಟು ಅಂಥ ಕಡೆ ಹಣ ಕಟ್ಟಿದ. ಮೂರು ವರ್ಷದ ಮೇಲೆ ನೌಕರಿಯ ದಾಖಲೆ ಪರಿಶೀಲನೆಯಲ್ಲಿ ಅವನ ಪ್ರಮಾಣಪತ್ರವನ್ನು ಬದಿಗಿಟ್ಟು ಮುಂದಿನವರನ್ನು ಕರೆದರು. ಬಳೆ ಇನ್ನೂ ಬಿಡಿಸಿಕೊಂಡಿಲ್ಲ.

ರಾಯಬಾಗಕ್ಕೆ ದೂರವಲ್ಲದ ಗೋಕಾಕದ ವಿಳಾಸವೂ ಯುಜಿಸಿಯ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿದೆ ಎಂದರೆ ಕೆಲವರಿಗೆ ಆಶ್ಚರ್ಯವಾಗುತ್ತದೆ. 2023ರಲ್ಲಿ ಪ್ರಕಟವಾದ 20 ಹೆಸರುಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಇದ್ದದ್ದು ಒಂದೇ ಹೆಸರು: ಬಡಗಾನ್ವಿ ಸರ್ಕಾರ್ ವರ್ಲ್ಡ್ ಓಪನ್ ಯೂನಿವರ್ಸಿಟಿ ಎಜುಕೇಶನ್ ಸೊಸೈಟಿ, ಗೋಕಾಕ. ಹೆಸರಿನಲ್ಲಿ "ಸರ್ಕಾರ್" ಇದೆ, "ವರ್ಲ್ಡ್" ಇದೆ, "ಯೂನಿವರ್ಸಿಟಿ"ಯೂ ಇದೆ. ಕಾಯ್ದೆಯ 23ನೇ ಕಲಮು, ಹಾಗೆ ಸ್ಥಾಪನೆಯಾಗದ ಸಂಸ್ಥೆಗಳು ಈ ಕೊನೆಯ ಪದವನ್ನು ಬಳಸುವುದನ್ನೇ ನಿಷೇಧಿಸುತ್ತದೆ.

ಧರ್ಮಕೇಂದ್ರದ ಪಾಲನಾ ಸಮಿತಿಯವರು, ಯುವಜನ ಸಂಘಟಕರು ಪ್ರವೇಶದ ಸಮಯದಲ್ಲಿ ಪಾಲಕರ ಜೊತೆ ಕೂತು ಕೇಳಬೇಕಾದದ್ದು ಇಷ್ಟೇ. ಪದವಿ ಪ್ರಮಾಣಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಬರುತ್ತದೆ? ಆ ಹೆಸರು ಯುಜಿಸಿಯ ಜಾಲತಾಣದ ಪಟ್ಟಿಯಲ್ಲಿದೆಯೇ? ಈ ಕಾಲೇಜಿಗೆ, ಈ ಕೋರ್ಸಿಗೆ, ಈ ವರ್ಷ ಸಂಯೋಜನೆ ಇದೆಯೇ? ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಕಾಲೇಜು ಹಳೆಯದಿದ್ದರೂ ಹೊಸದಾಗಿ ಆರಂಭಿಸಿದ ಕೋರ್ಸಿಗೆ ಅನುಮತಿ ಇನ್ನೂ ಬಂದಿರದೆ ಇರಬಹುದು. ಸಂಯೋಜನೆಯ ಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಕಾಲೇಜು ನಮ್ಮ ಧರ್ಮಭಗಿನಿಯರದ್ದೇ ಆಗಿದ್ದರೂ ಕೇಳಬಹುದು, ಅವರು ಬೇಸರಿಸುವುದಿಲ್ಲ.